ಸೊನ್ನೆಯ ಹಿಂದಿನ ಸತ್ಯ

ಪಟಾನ್‌ಚೆರು, ಜೀಡಿಮೆಟ್ಲದ ಕಡೆಗೆ ಹೋದಾಗ ಕೆಲವು ಕಾರ್ಖಾನೆಗಳ ಹೆಬ್ಬಾಗಿಲ ಬಳಿ ಒಂದು ಹಲಗೆಯನ್ನು ನಾವೆಲ್ಲ ನೋಡಿರುತ್ತೇವೆ. ಅಪಘಾತವಿಲ್ಲದೆ ಕಳೆದ ದಿನಗಳು ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಅಂಕೆ ದೊಡ್ಡದಾದಷ್ಟೂ ನೋಡುವವರಿಗೆ ನೆಮ್ಮದಿ. ಆದರೆ ಆ ಅಂಕೆ ಹೇಳುವುದು ನಿನ್ನೆಯವರೆಗಿನ ಮಾತನ್ನು ಮಾತ್ರ. ನಾಳೆಯ ಬಗ್ಗೆ ಅದು ಏನನ್ನೂ ಹೇಳಲಾರದು. ಯಾವ ಅಪಘಾತದ ಹಿಂದಿನ ದಿನವೂ ಲೆಕ್ಕದಲ್ಲಿ ಒಳ್ಳೆಯ ದಿನವೇ ಅಲ್ಲವೇ?

2025ರ ಜೂನ್ 30ರಂದು ನಮ್ಮೂರಿಗೆ ಸಮೀಪದ ಪಾಶಮೈಲಾರಂ ಕೈಗಾರಿಕಾ ಪ್ರದೇಶದಲ್ಲಿ ಸಂಭವಿಸಿದ ಸ್ಫೋಟದಲ್ಲಿ ನಲವತ್ತಕ್ಕೂ ಹೆಚ್ಚು ಜೀವಗಳು ಹೋದವು. ಸತ್ತವರಲ್ಲಿ ಅನೇಕರು ಬಿಹಾರ, ಒಡಿಶಾ, ಉತ್ತರಪ್ರದೇಶಗಳಿಂದ ದುಡಿಯಲು ಬಂದವರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಆ ಸುದ್ದಿ ಪರರದೆಂದು ಅನಿಸಲಿಲ್ಲ.

ಗಾಯ, ಸಾವುಗಳಾದ ಮೇಲೆ ಎಣಿಸುವುದು ಒಂದು ಬಗೆಯ ಲೆಕ್ಕ. ಇನ್ನೊಂದು ಬಗೆಯದು ಮುನ್ಸೂಚಕಗಳ ಲೆಕ್ಕ. ತಪಾಸಣೆಗೆ ಗೊತ್ತುಮಾಡಿದ ದಿನದಂದೇ ಎಷ್ಟು ಕವಾಟಗಳ ತಪಾಸಣೆ ನಡೆಯಿತು? ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು ಎಷ್ಟು ಮಂದಿ ಬಂದು ಹೇಳಿದರು? ಹೇಳಿದವುಗಳಲ್ಲಿ ಎಷ್ಟು ದುರಸ್ತಿಯಾದವು? ಮಳೆಗಾಲಕ್ಕೆ ಮೊದಲೇ ಮಾಡಿನ ಹೆಂಚು ಕೈಯಾಡಿಸುವುದಕ್ಕೂ, ಸೋರಿದ ಮೇಲೆ ಪಾತ್ರೆ ಹುಡುಕುವುದಕ್ಕೂ ಇರುವ ಅಂತರವೇ ಇವೆರಡಕ್ಕೂ ಇದೆ.

ಈ ವಿವೇಕ ಕನ್ನಡನಾಡಿಗೆ ಹೊಸದಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಕೋಲಾರದ ಚಿನ್ನದ ಗಣಿಗಳಲ್ಲಿ ಒತ್ತಡ ತಾಳಲಾರದೆ ಬಂಡೆಗಳು ಸಿಡಿದು ಗಣಿಗಾರರು ಸಾಯುತ್ತಿದ್ದರು. ಆದ್ದರಿಂದ ಅಲ್ಲಿ ಕಂಪನಮಾಪಕಗಳನ್ನು ಇಟ್ಟು, ಮನುಷ್ಯನ ಕಿವಿಗೆ ಕೇಳಿಸದ ಸಣ್ಣ ಸಣ್ಣ ಬಿರುಕುಗಳ ಸದ್ದನ್ನೂ ದಾಖಲಿಸತೊಡಗಿದರು. ಗಣಿ 2001ರಲ್ಲಿ ಮುಚ್ಚಿತು. ಆದರೆ ದೊಡ್ಡದು ಸಿಡಿಯುವ ಮೊದಲು ಚಿಕ್ಕದಕ್ಕೆ ಕಿವಿಗೊಡಬೇಕೆಂಬ ಪಾಠ ಉಳಿದಿದೆ.

ಕಿವಿಗೊಡದಿದ್ದರೆ ಏನಾಗುತ್ತದೆಂಬುದಕ್ಕೆ ಭೋಪಾಲವೇ ಸಾಕ್ಷಿ. ಅಲ್ಲಿನ ಕಾರ್ಖಾನೆಯಲ್ಲಿ 1981ರ ಡಿಸೆಂಬರಿನಲ್ಲೇ ಫಾಸ್ಜೀನ್ ಅನಿಲಕ್ಕೆ ಒಬ್ಬ ಕಾರ್ಮಿಕ ಬಲಿಯಾಗಿದ್ದ. 1982ರಲ್ಲಿ ಪತ್ರಕರ್ತ ರಾಜಕುಮಾರ ಕೇಸ್ವಾನಿಯವರು ಪತ್ರಿಕೆಯಲ್ಲಿ ಬರೆದು ಊರನ್ನು ಎಚ್ಚರಿಸಿದರು. 1984ರ ಡಿಸೆಂಬರ್ 2ರ ಆ ರಾತ್ರಿ ಶೀತಲ ಯಂತ್ರ ನಿಂತಿತ್ತು. ಅನಿಲವನ್ನು ಸುಡಬೇಕಾದ ಗೋಪುರ ಕೆಲಸಕ್ಕೆ ಬಾರದಾಗಿತ್ತು. ಇವೆಲ್ಲ ಮುಂಚೆಯೇ ಎಣಿಸಬಹುದಾಗಿದ್ದ ಸಂಗತಿಗಳೇ ಆಗಿದ್ದವು.

ಸಿರಿವಂತ ದೇಶಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ 2005ರ ಮಾರ್ಚ್ 23ರಂದು ಸ್ಫೋಟವಾಗಿ 15 ಜನ ಸತ್ತರು. ಜೇಮ್ಸ್ ಬೇಕರ್ ಅವರ ನೇತೃತ್ವದ ಸಮಿತಿ 2007ರಲ್ಲಿ ಕೊಟ್ಟ ವರದಿ ಒಂದು ಮುಖ್ಯ ದೋಷವನ್ನು ಎತ್ತಿ ತೋರಿಸಿತು: ಕೈಕಾಲುಗಳ ಗಾಯ ಕಡಿಮೆಯಾದುದನ್ನೇ ಕಂಡು, ಯಂತ್ರವ್ಯವಸ್ಥೆಯೂ ಸುರಕ್ಷಿತವಾಗಿದೆಯೆಂದು ಕಂಪೆನಿ ಭಾವಿಸಿತ್ತು.

ನಮ್ಮಂತಹ ಗುಮಾಸ್ತರಿಗೆ ಈ ಭ್ರಮೆಯ ಪರಿಚಯ ಚೆನ್ನಾಗಿದೆ. ತಿಂಗಳ ತಖ್ತೆಯಲ್ಲಿ 'ನಿಲ್' ಎಂದು ಬರೆದರೆ ಮೇಲಿನವರು ಮರುಪ್ರಶ್ನೆ ಕೇಳುವುದಿಲ್ಲ. 'ಮೂರು' ಎಂದು ಬರೆದರೆ ಮೂರು ವಿವರಣೆಗಳನ್ನು ಕೊಡಬೇಕು. ಹೀಗಿರುವಾಗ ಸೊನ್ನೆ ಬರೆಯುವ ಆಸೆ ಯಾರಿಗಿಲ್ಲ? ಕಾರ್ಖಾನೆಯಲ್ಲಾದರೋ ಸೊನ್ನೆಗೆ ಬಹುಮಾನವೂ ಉಂಟು. ಬೆರಳು ಕುಯ್ದುಕೊಂಡವನು ಜೊತೆಗಾರರ ಬಹುಮಾನ ತಪ್ಪೀತೆಂದು ಬಟ್ಟೆ ಸುತ್ತಿಕೊಂಡು ಸುಮ್ಮನಾದರೆ, ಸೊನ್ನೆ ಉಳಿಯುತ್ತದೆ; ಸತ್ಯ ಅಳಿಯುತ್ತದೆ.

ಮುನ್ಸೂಚಕಗಳನ್ನು ತಂದೊಡನೆ ಇದೆಲ್ಲ ಸರಿಹೋಗುವುದೇ ಎಂದು ಯಾರಾದರೂ ಕೇಳಬಹುದು. ಸಹಜವಾದ ಪ್ರಶ್ನೆಯೇ. ತಪಾಸಣೆ ಮಾಡದೆಯೇ ಪುಸ್ತಕದಲ್ಲಿ ಗುರುತು ಹಾಕುವ ಕಲೆ ನಮ್ಮ ದೇಶಕ್ಕೆ ಹೊಸದಲ್ಲ. ಇಂತಿಷ್ಟು ದೂರು ಬರಲೇಬೇಕೆಂದು ಗುರಿ ಕೊಟ್ಟರೆ ಕೆಲಸಕ್ಕೆ ಬಾರದ ದೂರುಗಳೇ ಬಂದಾವು. ಆದ್ದರಿಂದ ಇದು ಬರಿಯ ಲೆಕ್ಕದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ನಿಜ ಹೇಳುವುದರ ಬೆಲೆಯನ್ನು ಯಾರು ತೆರಬೇಕು? ಇಂದು ಅದನ್ನು ತೆರುತ್ತಿರುವವನು ಬಹುಮಟ್ಟಿಗೆ ಗುತ್ತಿಗೆಯ ಕೂಲಿಕಾರ. ಕವಾಟ ಸೋರುತ್ತಿದೆ ಎಂದರೆ ನಾಳೆ ಅವನಿಗೆ ಕೆಲಸವಿರುತ್ತದೋ ಇಲ್ಲವೋ! ಭೋಪಾಲದ ತರುವಾಯ 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾದಾಗ, ಅಪಾಯಕಾರಿ ಕಾರ್ಖಾನೆಗಳ ಕಾರ್ಮಿಕರಿಗೆ ಸನ್ನಿಹಿತವಾದ ಅಪಾಯವನ್ನು ಮೇಲಿನವರ ಗಮನಕ್ಕೆ ತರುವ ಹಕ್ಕನ್ನು ಕೊಡಲಾಯಿತು. ಹಕ್ಕು ಕಾಗದದ ಮೇಲೆ ಬಂದಿತು, ನಿಜ. ಆದರೆ ಅದನ್ನು ಚಲಾಯಿಸುವ ಧೈರ್ಯ ಬರಬೇಕಾದರೆ ಕೇಳುವವರ ಮನಸ್ಸು ಬದಲಾಗಬೇಕು.

ನಮ್ಮ ಕನ್ನಡ ಕುಟುಂಬಗಳ ಎಷ್ಟೋ ಮಕ್ಕಳು ಇಂದು ಕಾರ್ಖಾನೆಗಳಲ್ಲಿ ಎಂಜಿನಿಯರರೂ ಮೇಲ್ವಿಚಾರಕರೂ ಆಗಿದ್ದಾರೆ. ಕೇಳುವ ಸ್ಥಾನದಲ್ಲಿರುವವರು ಅವರೇ. ಸಂಜೆ ಅವರು ಮನೆಗೆ ಬಂದಾಗ, "ಇವತ್ತು ಏನೂ ಆಗಲಿಲ್ಲವಷ್ಟೆ?" ಎಂದು ಕೇಳುವುದು ನಮ್ಮ ರೂಢಿ. ಅದರ ಬದಲು, "ಇವತ್ತು ನಿನಗೆ ಯಾರು ಏನು ಹೇಳಿದರು? ನೀನು ಏನು ಮಾಡಿದೆ?" ಎಂದು ಕೇಳೋಣ. ಮನೆಯಲ್ಲೂ ಅಷ್ಟೆ. ಗ್ಯಾಸಿನ ಕೊಳವೆ ಹಳೆಯದಾಗಿದೆ ಎಂದು ಕೆಲಸದಾಕೆ ಹೇಳಿದಾಗ "ನಿನಗೇಕೆ ಆ ಉಸಾಬರಿ" ಎಂದು ಗದರದೆ, ಎದ್ದು ಹೋಗಿ ನೋಡೋಣ. ಕೆಟ್ಟ ಸುದ್ದಿಯನ್ನು ಬೇಗ ತಂದವನು ನಮ್ಮ ಹಿತೈಷಿ. ಅವನನ್ನು ನಿರ್ಭಯವಾಗಿ ಒಳಗೆ ಕರೆದು ಕೂರಿಸುವ ಮನೆಯೇ ಸುರಕ್ಷಿತವಾದ ಮನೆ. ಕಾರ್ಖಾನೆಯ ಮಾತೂ ಅದೇ.