ಆಣೆಯೂ ಒಂದು ದಿನದ ಮಾತೂ

ಕುಡಿತ ಬಿಡಿಸುವುದಕ್ಕೆ ನಮ್ಮ ಕಡೆ ಮೊದಲು ನೆನಪಾಗುವ ಮದ್ದು ಆಣೆ. ಧರ್ಮಸ್ಥಳದ ಮಂಜುನಾಥನ ಹೆಸರು ಹೇಳಿ ಆಣೆ ಹಾಕಿಸಿದರೆ ಮುಗಿಯಿತು; ಅದಕ್ಕಿಂತ ಗಟ್ಟಿಯಾದ ಬೀಗ ಈ ತುಳುನಾಡಿನಲ್ಲಿ ಇಲ್ಲವೆಂಬುದು ಹಿರಿಯರ ನಂಬಿಕೆ. ಉದ್ಯಾವರದಲ್ಲಿರುವ ನನ್ನ ಅಕ್ಕನ ಗಂಡನಿಂದ ಇಂಥ ಆಣೆಯನ್ನು ಮೂರು ಸಲ ಹಾಕಿಸಿದವನು ನಾನೇ. ಮೂರೂ ಸಲ ಅದು ಮುರಿಯಿತು. ಮುರಿದಾಗಲೆಲ್ಲ ಭಾವನ ಕುಡಿತ ಮೊದಲಿಗಿಂತ ಹೆಚ್ಚಾಯಿತೆಂಬುದನ್ನು ಗಮನಿಸಲು ನನಗೆ ಕೆಲವು ವರ್ಷಗಳೇ ಬೇಕಾದವು. ದೇವರ ಮುಂದೆಯೇ ಸುಳ್ಳುಗಾರನಾದವನು ಇನ್ನು ಯಾರ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕು? ಆ ಭಯವನ್ನು ಮರೆಯುವುದಕ್ಕೂ ಮತ್ತೆ ಗಡಂಗಿಗೇ ಹೋಗಬೇಕಾಗುತ್ತದೆ.

ಸಂಕಲ್ಪವೆಂಬುದು ಒಬ್ಬನದೇ ಸೊತ್ತೆ? ತನ್ನನ್ನು ತಾನೇ ಉದ್ಧರಿಸಿಕೊಳ್ಳಬೇಕೆಂದು ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ತರಗತಿಯಲ್ಲಿ ನಾನೂ ಅದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಹಾಗಾದರೆ ವಾರ ವಾರ ನಾಲ್ಕು ಜನರ ನಡುವೆ ಕುಳಿತು, ಅವರ ಬಲದಿಂದ ಕುಡಿಯದೆ ಉಳಿಯುವವನು, ಒಬ್ಬನೇ ಹಲ್ಲು ಕಚ್ಚಿ ಬಿಟ್ಟವನಿಗಿಂತ ಕೀಳೆ? ನಾನಂತೂ ಬಹುಕಾಲ ಹಾಗೆಯೇ ತಿಳಿದಿದ್ದೆ.

1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ದಲ್ಲಾಳಿ ವ್ಯವಹಾರಕ್ಕಾಗಿ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವು. ಬಂದ ಕೆಲಸ ಕೆಟ್ಟಿತು. ಇಳಿದುಕೊಂಡಿದ್ದ ಹೋಟೆಲಿನಲ್ಲಿಯೇ ಮದ್ಯದ ಅಂಗಡಿ. ಒಳಗಿನ ನಗೆ ಹರಟೆ ಕಿವಿಗೆ ಬೀಳುತ್ತಿತ್ತು. ಆತ ಅತ್ತ ಹೋಗದೆ ಚರ್ಚುಗಳಿಗೆ ಫೋನು ಮಾಡಿದ. ಕೇಳಿದ್ದು ಉಪದೇಶವನ್ನಲ್ಲ, ತನ್ನಂತೆಯೇ ಕುಡಿತಕ್ಕೆ ಸಿಕ್ಕಿದ ಇನ್ನೊಬ್ಬನನ್ನು ತೋರಿಸಿ ಎಂದು. ಹಾಗೆ ದೊರೆತವರು ಡಾ. ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಸ್ಮಿತ್ ಕೊನೆಯ ಸಲ ಕುಡಿದ ಜೂನ್ 10ನೆಯ ದಿನವನ್ನೇ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಕೂಟದ ಹುಟ್ಟುದಿನವೆಂದು ಇಂದಿಗೂ ಎಣಿಸುತ್ತಾರೆ.

ಮದ್ಯದ ಕೆಡುಕನ್ನು ವೈದ್ಯರಿಗೆ ಯಾರಾದರೂ ಹೇಳಿಕೊಡಬೇಕಾಗಿತ್ತೆ? ಅವರಿಗೆ ಹೊಸದಾಗಿ ಕಂಡದ್ದು ಬೇರೊಂದು. ಹುಡುಕಿಕೊಂಡು ಬಂದವನು ಅವರನ್ನು ಉದ್ಧರಿಸುವ ದೊಡ್ಡಸ್ತಿಕೆಯಿಂದ ಬಂದಿರಲಿಲ್ಲ. ತಾನು ಉಳಿಯುವುದಕ್ಕಾಗಿ ಬಂದಿದ್ದ. ಕೊಡುವವನಿಗೂ ಪಡೆಯುವವನಿಗಿದ್ದಷ್ಟೇ ಗರಜು. ಹೀಗಿದ್ದಲ್ಲಿ ಪಡೆಯುವುದರಲ್ಲಿ ಅವಮಾನವಿಲ್ಲ. ನಾನು ಆಣೆ ಹಾಕಿಸಿದಾಗ ನನಗೆ ಭಾವನಿಂದ ಏನೂ ಬೇಕಾಗಿರಲಿಲ್ಲ, ಅಕ್ಕನ ಕಣ್ಣೀರು ನಿಂತರೆ ಸಾಕಾಗಿತ್ತು. ನನ್ನ ಮಾತು ಅವರಿಗೆ ತಾಗದೆ ಹೋದುದಕ್ಕೆ ಅದೂ ಒಂದು ಕಾರಣವಿರಬೇಕು.

ನಮ್ಮ ನಾಡಿನಲ್ಲಿಯೂ ಜನ ಕೂಡಿ ಕುಡಿತ ಬಿಡುವ ದಾರಿ ಇಲ್ಲದಿಲ್ಲ. ಯಾವ ಕ್ಷೇತ್ರದ ಹೆಸರಿನಲ್ಲಿ ನಾವು ಆಣೆ ಹಾಕಿಸುತ್ತೇವೆಯೋ ಆ ಕ್ಷೇತ್ರದ ಗ್ರಾಮಾಭಿವೃದ್ಧಿ ಯೋಜನೆಯೇ ಊರೂರುಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಬಿಟ್ಟವರು ಮತ್ತೆ ಜಾರದಂತೆ ನವಜೀವನ ಸಮಿತಿಗಳಿವೆ. ಆಣೆಯೊಂದೇ ಸಾಲದೆಂಬುದು ಅಲ್ಲಿಯವರಿಗೆ ನಮಗಿಂತ ಮೊದಲೇ ತಿಳಿದಿರಬೇಕು. ಆದರೆ ಶಿಬಿರ ನಡೆಯುವುದು ಊರಿನ ಎದುರಿಗೆ. ಇನ್ನೊಂದು ಕೂಟದಲ್ಲಿ ಬಾಗಿಲು ಮುಚ್ಚಿರುತ್ತದೆ, ಮನೆತನದ ಹೆಸರು ಕೇಳುವುದಿಲ್ಲ. ಊರು ನೋಡುತ್ತಿದೆಯೆಂಬುದರಿಂದಲೇ ಕೆಲವರಿಗೆ ಧೈರ್ಯ ಬರುತ್ತದೆ. ಕೆಲವರಿಗೆ ಅದರಿಂದಲೇ ಕಾಲು ಬರುವುದಿಲ್ಲ. ನಮ್ಮ ಭಾವ ಎರಡನೆಯ ಜಾತಿ.

ಮೊದಲು ಅವರನ್ನು ಆಸ್ಪತ್ರೆಗೆ ಕರೆದೊಯ್ದೆವು. ಬಹುಕಾಲ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಭ್ರಮೆ, ಫಿಟ್ಸು ಕೂಡ ಬರಬಹುದು, ಪ್ರಾಣಕ್ಕೇ ಅಪಾಯ. ಇದನ್ನರಿಯದೆ ಮನೆಯಲ್ಲಿ ಕೂಡಿಹಾಕಿ ಬಿಡಿಸುವವರು ಇನ್ನೂ ಇದ್ದಾರೆ. ಹೊರಡುವಾಗ ಡಾಕ್ಟರು ಒಂದು ಚೀಟಿಯಲ್ಲಿ ಉಡುಪಿಯ ಕೂಟದ ಸ್ಥಳ, ಹೊತ್ತು ಬರೆದುಕೊಟ್ಟರು. ಆ ಚೀಟಿ ಭಾವನ ಅಂಗಿಯ ಜೇಬಿನಲ್ಲಿ ಹದಿನೈದು ದಿನ ಇತ್ತು. ಉದ್ಯಾವರದಿಂದ ಉಡುಪಿ ದೂರವೇನಲ್ಲ, ಆದರೆ ಬಸ್ಸಿನಲ್ಲಿ “ಎಲ್ಲಿಗೆ ಹೊರಟದ್ದು?” ಎಂದು ಕೇಳುವವರು ಹತ್ತು ಜನ. ಕೊನೆಗೆ ನಾವಿಬ್ಬರೂ ಕಿನ್ನಿಮೂಲ್ಕಿಯಲ್ಲೇ ಇಳಿದು, ಮದುವೆಗೆ ಹೊರಟವರಂತೆ ನಡೆದುಕೊಂಡು ಹೋದೆವು.

ಬಾಗಿಲಲ್ಲಿ ಒಬ್ಬರು ನಕ್ಕು, “ನೀವು ಕುಡಿಯುವವರಾ?” ಎಂದು ನನ್ನನ್ನು ಕೇಳಿದರು. ಅಲ್ಲವೆಂದೆ. “ಹಾಗಾದರೆ ಇವತ್ತು ಹೊರಗೆ ಕೂತುಕೊಳ್ಳಿ ಮಾರಾಯ್ರೆ. ಇವತ್ತಿನದು ನಮಗೆ ಮಾತ್ರ. ಎಲ್ಲರೂ ಬರುವ ಕೂಟ ಬೇರೆ ಉಂಟು.” ಎಂ.ಎ. ಪದವಿ, ಇಪ್ಪತ್ತು ವರ್ಷದ ಅಧ್ಯಾಪಕ ವೃತ್ತಿ, ಎಂದೂ ಕುಡಿಯದವನೆಂಬ ಹೆಮ್ಮೆ, ಎಲ್ಲವೂ ಸೇರಿದರೂ ಆ ಕೋಣೆಗೆ ನಾನು ಅನರ್ಹ. ಜಗಲಿಯ ಬೆಂಚಿನ ಮೇಲೆ ಒಂದು ಗಂಟೆಗೂ ಮೇಲೆ ಕುಳಿತೆ. ಒಳಗಿನ ಮಾತು ಕೇಳಿಸಲಿಲ್ಲ. ಎರಡು ಸಲ ನಗು ಮಾತ್ರ ಕೇಳಿಸಿತು. ಅದರಲ್ಲೊಂದು ಭಾವನ ನಗುವೆಂದು ಗುರುತು ಹತ್ತಿ, ಸತ್ಯ ಹೇಳಬೇಕೆಂದರೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಮನೆಗೆ ಬಂದಾಗ ಅಕ್ಕ ಮೆಲ್ಲನೆ, “ಆಣೆ ಹಾಕಿದ್ರಾ?” ಎಂದು ಕೇಳಿದಳು.

“ಇಲ್ಲ. ಇವತ್ತೊಂದು ದಿನ ಕುಡಿಯುವುದಿಲ್ಲ, ಅಷ್ಟೇ ಅಂತೆ.”

“ಅಷ್ಟೇಯಾ?” ಎಂದಳು. ಅವಳಿಗೆ ಅದು ತೀರಾ ಕಡಿಮೆಯೆನಿಸಿತು. ನನಗೂ ಒಂದು ಕ್ಷಣ ಹಾಗೆಯೇ ಅನಿಸಿತು. ಭಾವ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದವರು ಅಲ್ಲಿಂದಲೇ, “ಬರುವ ವಾರ ನೀವು ಬರುವುದು ಬೇಡ ಭಾವ, ನಾನೇ ಹೋಗ್ತೇನೆ” ಎಂದರು. ಅಕ್ಕ ಗಂಜಿ ಬಡಿಸಲು ಒಳಗೆ ಹೋದಳು.