‘ಇದನ್ನೊಮ್ಮೆ ನೋಡಿ’ ಎನ್ನುವವರ ಹೊಣೆ

ಒಬ್ಬರು ಇನ್ನೊಬ್ಬರಿಗೆ ಲಿಂಕ್ ಕಳಿಸುವಾಗ ಜೊತೆಗೆ ಹೇಳುವ ಮಾತು ಹೆಚ್ಚೆಂದರೆ ಎರಡು: ‘ನೋಡಿ’, ‘ಚೆನ್ನಾಗಿದೆ’. ವಾದವಿಲ್ಲ, ಪುರಾವೆಯಿಲ್ಲ. ಬರೆದವರು ಯಾರೋ, ಪ್ರಕಟಿಸಿದವರು ಇನ್ಯಾರೋ, ತಾನು ನಡುವಿನ ಅಂಚೆಯಣ್ಣ ಮಾತ್ರ ಎಂಬ ಧೋರಣೆ. ನಾಳೆ ಅದು ಸುಳ್ಳೆಂದು ಗೊತ್ತಾದರೆ ‘ನಾನು ಬರೆದದ್ದಲ್ಲವಲ್ಲ, ಬಂದದ್ದನ್ನು ಹಾಕಿದೆ ಅಷ್ಟೆ’ ಎಂದು ಕೈತೊಳೆದುಕೊಳ್ಳಬಹುದು. ಈಗ ಎಕ್ಸ್ ಎನಿಸಿಕೊಂಡಿರುವ ಟ್ವಿಟರಿನಲ್ಲಿ ಎಷ್ಟೋ ಪತ್ರಕರ್ತರು ತಮ್ಮ ಪರಿಚಯದ ಸಾಲಿನಲ್ಲೇ, ಹಂಚಿದ್ದೆಲ್ಲ ತಾವು ಒಪ್ಪಿದ್ದಲ್ಲ ಎಂದು ಮುಂಚಿತವಾಗಿ ಬರೆದಿಟ್ಟುಕೊಂಡಿರುತ್ತಾರೆ. ಈ ನಿರೀಕ್ಷಣಾ ಜಾಮೀನು ಊರ್ಜಿತವೇ? ಅಲ್ಲ ಎಂಬುದು ನನ್ನ ಪಕ್ಷ. ಆದರೆ ಅದಕ್ಕೆ ನಾನು ಕೊಡುವ ಕಾರಣ ‘ಸುಳ್ಳನ್ನು ಹರಡಬೇಡಿ’ ಎಂಬ ಸರ್ಕಾರಿ ಜಾಹೀರಾತಿನ ಕಾರಣವಲ್ಲ.

ಇನ್ನೊಬ್ಬರ ಮಾತಿನಿಂದ ಬರುವ ತಿಳಿವಳಿಕೆಯನ್ನು ಜ್ಞಾನ ಎನ್ನಬಹುದೇ ಎಂದು ನಮ್ಮ ತಾರ್ಕಿಕರು ಶತಮಾನಗಟ್ಟಲೆ ಜಗಳವಾಡಿದ್ದಾರೆ. ಚಾರ್ವಾಕರು ಪ್ರತ್ಯಕ್ಷ ಬಿಟ್ಟು ಬೇರೆ ಪ್ರಮಾಣವನ್ನೇ, ಅಂದರೆ ಜ್ಞಾನದ ಸಾಧನವನ್ನೇ, ಒಪ್ಪಲಿಲ್ಲ. ಬೌದ್ಧರೂ ವೈಶೇಷಿಕರೂ ಪರರ ಮಾತನ್ನು ಅನುಮಾನದ, ಎಂದರೆ ತರ್ಕದಿಂದ ಊಹಿಸಿ ತಿಳಿಯುವುದರ, ಖಾತೆಗೆ ಸೇರಿಸಿದರು. ನೈಯಾಯಿಕರು ಶಬ್ದಕ್ಕೆ, ಅಂದರೆ ಈ ಪರರ ಮಾತಿಗೆ, ಪ್ರತ್ಯೇಕ ಪ್ರಮಾಣದ ಪಟ್ಟ ಕೊಟ್ಟರು, ಆದರೆ ಒಂದು ಷರತ್ತು ಹಾಕಿ: ಹೇಳುವವನು ಆಪ್ತನಾಗಿರಬೇಕು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ, ವಿಷಯವನ್ನು ತಾನೇ ನೇರವಾಗಿ ತಿಳಿದು, ತಿಳಿದದ್ದನ್ನು ತಿಳಿದ ಹಾಗೆಯೇ ಹೇಳಬೇಕೆಂಬ ಇಚ್ಛೆ ಉಳ್ಳವನೇ ಆಪ್ತ. ಋಷಿಗಾಗಲಿ ಆರ್ಯನಿಗಾಗಲಿ ಮ್ಲೇಚ್ಛನಿಗಾಗಲಿ ಲಕ್ಷಣ ಒಂದೇ ಎಂದೂ ಆತ ಸೇರಿಸುತ್ತಾನೆ. ಕುಲ, ಪದವಿ, ನೀಲಿ ಟಿಕ್ಕು ಯಾವುದೂ ಲೆಕ್ಕಕ್ಕಿಲ್ಲ ಎಂದಾಯಿತು.

ಲಿಂಕ್ ಹಂಚುವವರನ್ನು ಈ ಅಳತೆಗೆ ಒಡ್ಡಿದರೆ ಮೊದಲ ನೋಟಕ್ಕೆ ಯಾರೂ ನಿಲ್ಲುವುದಿಲ್ಲ. ಕಪ್ಪುಕುಳಿಯ ಬಗ್ಗೆ ಲೇಖನ ಕಳಿಸುವ ಬ್ಯಾಂಕ್ ನೌಕರರಿಗೆ ಕಪ್ಪುಕುಳಿಯ ನೇರ ಜ್ಞಾನ ಎಲ್ಲಿಂದ ಬರಬೇಕು? ಇರಲಿ ಎಂದು ಕೇಳುವುದೂ ತಪ್ಪು. ಆದರೆ ಅವರಿಗೆ ನೇರವಾಗಿ ಗೊತ್ತಿರಬಹುದಾದ ಸಂಗತಿ ಒಂದಿದೆ: ತಾವು ಆ ಲೇಖನವನ್ನು ಕೊನೆತನಕ ಓದಿದ್ದೇವೆ, ಓದಿದ್ದು ದಂಡವಾಗಲಿಲ್ಲ ಎಂಬುದು. ‘ಇದು ನಿಜ’ ಎಂದು ಅವರು ಸಾಕ್ಷಿ ಹೇಳುತ್ತಿಲ್ಲ, ‘ನಾನು ಅಲ್ಲಿಗೆ ಹೋಗಿ ಬಂದಿದ್ದೇನೆ, ನೀವೂ ಹೋಗಬಹುದು’ ಎಂದು ಹೇಳುತ್ತಿದ್ದಾರೆ. ತಲೆಬರಹ ಮಾತ್ರ ನೋಡಿ ತಳ್ಳಿದವರು ಹೋಗದ ಊರಿನ ಬಗ್ಗೆ ಸಾಕ್ಷಿ ನುಡಿದಂತೆ. ಲೇಖನ ಆಮೇಲೆ ನಿಜವೇ ಆಗಿದ್ದರೂ ಆ ಸಾಕ್ಷಿ ಸುಳ್ಳೇ.

ಹೀಗೆ ಹೋಗಿ ಬಂದ ದಾರಿಯನ್ನು ಕೊಡುವ ಕಲ್ಪನೆ ಇಂಟರ್ನೆಟ್ಟಿಗಿಂತ ಹಳೆಯದು. 1945ರ ಜುಲೈಯಲ್ಲಿ, ಹಿರೋಶಿಮಾಕ್ಕೆ ಒಂದು ತಿಂಗಳ ಮೊದಲು, ಅಮೆರಿಕದ ಯುದ್ಧಕಾಲದ ವಿಜ್ಞಾನ ಸಂಶೋಧನೆಯ ಮುಖ್ಯಸ್ಥರಾಗಿದ್ದ ವನೆವರ್ ಬುಷ್ ‘ಅಟ್ಲಾಂಟಿಕ್’ ಮಾಸಿಕದಲ್ಲಿ ಒಂದು ಲೇಖನ ಬರೆದರು. ಅದರಲ್ಲಿ ‘ಮೆಮೆಕ್ಸ್’ ಎಂಬ ಯಂತ್ರ ಬರುತ್ತದೆ. ನೋಡಲು ಮೇಜು, ಒಳಗೆ ಮೈಕ್ರೊಫಿಲ್ಮಿನಲ್ಲಿ ಪುಸ್ತಕಗಳು, ಕಾಗದಪತ್ರಗಳು, ಒಂದು ಪುಟವನ್ನು ಇನ್ನೊಂದಕ್ಕೆ ಜೋಡಿಸಿಡುವ ವ್ಯವಸ್ಥೆ. ಬುಷ್ ಕೊಡುವ ಉದಾಹರಣೆ ಸೊಗಸಾಗಿದೆ. ಯಂತ್ರದ ಒಡೆಯನಿಗೆ ಬಿಲ್ಲುಬಾಣದ ಹುಚ್ಚು. ಕ್ರುಸೇಡ್ ಕಾಳಗಗಳಲ್ಲಿ ತುರ್ಕಿಯವರ ಗಿಡ್ಡ ಬಿಲ್ಲು ಇಂಗ್ಲಿಷರ ಉದ್ದ ಬಿಲ್ಲಿಗಿಂತ ಮೇಲಾದದ್ದು ಹೇಗೆ ಎಂದು ಹುಡುಕುತ್ತಾನೆ. ವಿಶ್ವಕೋಶದಿಂದ ಚರಿತ್ರೆಗೆ ಹೋಗುತ್ತಾನೆ, ಅಲ್ಲಿಂದ ದಾರಿ ಸ್ಥಿತಿಸ್ಥಾಪಕತ್ವದ ಭೌತಶಾಸ್ತ್ರಕ್ಕೆ ಹೊರಳುತ್ತದೆ, ನಡುವೆ ಕೈಬರಹದ ತನ್ನದೇ ಟಿಪ್ಪಣಿ ಸೇರಿಸುತ್ತಾನೆ. ಎಷ್ಟೋ ವರ್ಷದ ಮೇಲೆ, ಜನ ಹೊಸದನ್ನು ಕಂಡರೆ ಯಾಕೆ ಹಿಂಜರಿಯುತ್ತಾರೆ ಎಂದು ಗೆಳೆಯನೊಡನೆ ಮಾತು ಬರುತ್ತದೆ. ಏಟು ತಿಂದ ಮೇಲೂ ಯುರೋಪಿನವರು ತುರ್ಕಿಯ ಬಿಲ್ಲನ್ನು ಕಲಿಯಲಿಲ್ಲವಲ್ಲ ಎಂದು ಇವನಿಗೆ ನೆನಪಾಗುತ್ತದೆ. ಇಡೀ ಜಾಡನ್ನೇ ನಕಲು ತೆಗೆದು ಗೆಳೆಯನ ಯಂತ್ರಕ್ಕೆ ಕೊಟ್ಟುಬಿಡುತ್ತಾನೆ.

ಯುದ್ಧ ರಾಜಕೀಯ, ಭೌತಶಾಸ್ತ್ರ, ಉಪಕರಣದ ಹುಚ್ಚು ಮೂರೂ ಒಂದೇ ಜಾಡಿನಲ್ಲಿ ಹೇಗೆ ಬೆರೆತಿವೆ ನೋಡಿ. ಅದಕ್ಕಿಂತ ಮುಖ್ಯವಾಗಿ, ಗೆಳೆಯನ ಕೈಗೆ ಬಂದದ್ದು ಬರೀ ತೀರ್ಮಾನವಲ್ಲ. ಅವನು ಬೇಕೆಂದರೆ ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ಹೋಗಿ, ಜಾಡು ಕೊಟ್ಟವನು ಎಲ್ಲಿ ಎಡವಿದ್ದಾನೆ ಎಂದು ಪರೀಕ್ಷಿಸಬಹುದು.

ಈ ಹಿಂದಕ್ಕೆ ಹೋಗುವ ದಾರಿ ಇದ್ದರೆ ಏನು, ಇಲ್ಲದಿದ್ದರೆ ಏನು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ, 2018ರ ಜುಲೈ ಒಂದೇ ತಿಂಗಳಲ್ಲಿ, ಎರಡು ನಿದರ್ಶನ ಸಿಗುತ್ತವೆ.

ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ ತಾಲೂಕಿನಲ್ಲಿ ಹೈದರಾಬಾದ್ ಕಡೆಯಿಂದ ಬಂದಿದ್ದ ಕೆಲವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂದು ಗುಲ್ಲೆದ್ದಿತು. ಅವರು ಕಾರು ಹತ್ತಿ ಹೊರಟರು, ಆದರೆ ಕಾರಿಗಿಂತ ಮೊದಲು ಮುರ್ಕಿ ಗ್ರಾಮಕ್ಕೆ ವಾಟ್ಸಾಪ್ ಸಂದೇಶ ತಲುಪಿತ್ತು. ಅಲ್ಲಿ ರಸ್ತೆ ಅಡ್ಡಗಟ್ಟಿದರು, ಗುಂಪು ಹೊಡೆಯಿತು. ಒಬ್ಬ ಯುವ ತಂತ್ರಜ್ಞ ಸತ್ತ, ಉಳಿದವರು ತೀವ್ರವಾಗಿ ಗಾಯಗೊಂಡರು. ಆ ಕೆಲವು ತಿಂಗಳು ದೇಶದ ತುಂಬ ಮಕ್ಕಳ ಕಳ್ಳರ ಭಯ ಹಬ್ಬಿಸಿದ ವಿಡಿಯೊಗಳಲ್ಲಿ ಒಂದರ ಮೂಲ ಕರಾಚಿ. ರಸ್ತೆಯಲ್ಲಿ ಆಡುತ್ತಿದ್ದ ಹುಡುಗನನ್ನು ಬೈಕಿನಲ್ಲಿ ಬಂದ ಇಬ್ಬರು ಎತ್ತಿಕೊಂಡು ಹೋಗುತ್ತಾರೆ. ಮೂಲದಲ್ಲಿ ಅವರೇ ಹುಡುಗನನ್ನು ವಾಪಸು ತಂದು ಬಿಟ್ಟು, ಮಗುವನ್ನು ಅಪಹರಿಸಲು ಒಂದು ಕ್ಷಣ ಸಾಕು ಎಂಬ ಅರ್ಥದ ಫಲಕ ಹಿಡಿದು ತೋರಿಸುತ್ತಾರೆ. ಅದು ಮಕ್ಕಳ ರಕ್ಷಣೆಗೆಂದೇ ಒಂದು ಸಂಸ್ಥೆ ಮಾಡಿಸಿದ ಜಾಗೃತಿ ಚಿತ್ರ. ಹರಿದಾಡಿದ ಪ್ರತಿಯಲ್ಲಿ ವಾಪಸು ಬಿಡುವ ಭಾಗವನ್ನು ಕತ್ತರಿಸಿದ್ದರು. ಫಾರ್ವರ್ಡ್ ಆಗಿ ಬಂದ ತುಣುಕಿಗೆ ವಿಳಾಸವೇ ಇರಲಿಲ್ಲವಾದ್ದರಿಂದ ಮೂಲಕ್ಕೆ ಹೋಗಿ ನೋಡೋಣವೆಂದರೂ ದಾರಿ ಇರಲಿಲ್ಲ.

ಅದೇ ಜುಲೈ ಕೊನೆಯ ಭಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಒಂದು ಪ್ರಬಂಧವನ್ನು, ವಿಜ್ಞಾನಿಗಳು ಪತ್ರಿಕೆಯ ಪರಿಶೀಲನೆಗೂ ಮುನ್ನ ಬರಹಗಳನ್ನು ಹಾಕುವ ‘ಆರ್ಕೈವ್’ ತಾಣದಲ್ಲಿ ಇಟ್ಟರು. ಚಿನ್ನ-ಬೆಳ್ಳಿಯ ನ್ಯಾನೊ ರಚನೆಯೊಂದು 236 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 37 ಡಿಗ್ರಿ ಸೆಲ್ಸಿಯಸ್ ಕೆಳಗೆ, ಸಾಧಾರಣ ಒತ್ತಡದಲ್ಲಿ, ವಿದ್ಯುತ್ತಿಗೆ ತಡೆಯನ್ನೇ ಒಡ್ಡದ ಅತಿವಾಹಕವಾಗುತ್ತದೆ ಎಂಬುದು ಅದರ ಸಾರ. ನಿಜವಾದರೆ ನೊಬೆಲ್ ತೂಕದ ಸುದ್ದಿ. ಲಿಂಕ್ ಜಗತ್ತಿನಾದ್ಯಂತ ಓಡಿತು. ಎಂಐಟಿಯ ಬ್ರಯನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿ ಗ್ರಾಫೊಂದನ್ನು ಹಿಗ್ಗಿಸಿ ನೋಡಿದರು. ಬೇರೆಬೇರೆ ಕಾಂತಕ್ಷೇತ್ರಗಳಲ್ಲಿ ತೆಗೆದ ಎರಡು ಅಳತೆಗಳಲ್ಲಿ ಚುಕ್ಕಿಗಳ ಸಣ್ಣ ಏರಿಳಿತ ಒಂದೇ ಥರ ಇತ್ತು. ಆಕಸ್ಮಿಕವಾಗಿ ಆಗುವ ಏರಿಳಿತ ಎರಡು ಸಲ ಅದೇ ಆಕಾರದಲ್ಲಿ ಬರುವುದಿಲ್ಲ. ಸ್ಕಿನ್ನರ್ ಆಗಸ್ಟಿನಲ್ಲಿ ಅದನ್ನು ಚಿಕ್ಕ ಟಿಪ್ಪಣಿಯಾಗಿ ಅದೇ ತಾಣದಲ್ಲಿ ಹಾಕಿದರು, ಯಾರನ್ನೂ ಬೈಯದೆ. ಚರ್ಚೆ ಮುಂದುವರಿಯಿತು, ಮರುವರ್ಷ ಲೇಖಕರು ಹೆಚ್ಚಿನ ವಿವರದೊಂದಿಗೆ ಪರಿಷ್ಕೃತ ಪ್ರಬಂಧ ಹಾಕಿದರು.

ಇದನ್ನು ‘ಓದಿದವರು ಜಾಣರು, ಹಳ್ಳಿಯವರು ದಡ್ಡರು’ ಎಂದು ಓದಿಕೊಂಡರೆ ನನ್ನ ವಾದ ಕೆಟ್ಟಿತು. ಎಂಜಿನಿಯರುಗಳೇ ತುಂಬಿದ ಗ್ರೂಪುಗಳಲ್ಲಿ ಎಂಥೆಂಥ ಸರಕು ಓಡಾಡುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ವ್ಯತ್ಯಾಸ ಹಂಚಿಕೆಯಾದ ವಸ್ತುವಿನಲ್ಲೇ ಇತ್ತು. ಒಂದರ ಜೊತೆ ಅದರ ಹೊಟ್ಟೆಯೊಳಗಿನ ಅಂಕಿಅಂಶವೂ ಬಂದಿತ್ತು, ಇನ್ನೊಂದರ ಬಾಲ ಕತ್ತರಿಸಿಹೋಗಿತ್ತು. ಇನ್ನೂ ಒಂದು ವ್ಯತ್ಯಾಸವಿದೆ: ಗ್ರಾಫು ಕಾಯಬಲ್ಲದು, ಭಯ ಕಾಯುವುದಿಲ್ಲ.

ಇಲ್ಲೇ ಅಡಚಣೆ. ಲಿಂಕ್ ಹಂಚುವವರ ಅಳತೆಗೋಲು ಸ್ವಾರಸ್ಯ, ಅಷ್ಟೆ. ಆ ಸ್ವಾರಸ್ಯವೇ ನಮ್ಮನ್ನು ಮೋಸಗೊಳಿಸಿದರೆ? 2018ರ ಮಾರ್ಚಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎಂಐಟಿಯ ಮೂವರು, 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಹರಿದ ಸುಮಾರು 1,26,000 ಸುದ್ದಿಗಳ ಅಧ್ಯಯನ ಪ್ರಕಟಿಸಿದರು. ನಿಜ ಸುದ್ದಿಗಿಂತ ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಂಭವ ಶೇ 70ರಷ್ಟು ಹೆಚ್ಚು, 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಆರು ಪಟ್ಟು ಸಮಯ ಬೇಕಾಯಿತು, ರಾಜಕೀಯದ ಸುಳ್ಳು ಎಲ್ಲಕ್ಕಿಂತ ವೇಗ. ತಪ್ಪನ್ನು ಬಾಟ್‌ಗಳ ತಲೆಗೆ ಕಟ್ಟುವಂತೆಯೂ ಇರಲಿಲ್ಲ, ಅವು ನಿಜ, ಸುಳ್ಳು ಎರಡನ್ನೂ ಸಮಸಮವಾಗಿ ಹರಡುತ್ತಿದ್ದವು. ಸಂಶೋಧಕರು ಕೊಟ್ಟ ವಿವರಣೆ ಹೊಸತನ: ಸುಳ್ಳು ಹೊಸದಾಗಿ ಕಾಣುತ್ತದೆ, ಅಚ್ಚರಿ ಹುಟ್ಟಿಸುತ್ತದೆ. (ಈ ಅಧ್ಯಯನವೂ ಹಂಚಿಕೆಯಾಗುತ್ತಾ ‘ಸುಳ್ಳಿಗೆ ಆರು ಪಟ್ಟು ವೇಗ’ ಎಂಬ ಒಂದೇ ಸಾಲಾಗಿ ಉಳಿದಿದೆ. ಅವರು ನೋಡಿದ್ದು ಸತ್ಯಶೋಧಕ ಸಂಸ್ಥೆಗಳು ಪರೀಕ್ಷೆಗೆ ಎತ್ತಿಕೊಂಡ ಸುದ್ದಿಗಳನ್ನು ಮಾತ್ರ, ಎಲ್ಲ ಸುದ್ದಿಯನ್ನಲ್ಲ.)

ಹಾಗಾದರೆ ಸ್ವಾರಸ್ಯವನ್ನೇ ಬಿಡಬೇಕೆ? ಅದು ಬೇಡ. ಬರೀ ಉಪಯುಕ್ತವಾದದ್ದನ್ನು ಹಂಚುವ ಗೆಳೆಯನಷ್ಟು ಬೇಸರದ ಪ್ರಾಣಿ ಇನ್ನೊಂದಿಲ್ಲ. ಆದರೆ ಬೆರಗಿನಲ್ಲಿ ಎರಡು ಬಗೆ. ಒಂದು ಓದಿದ ಮೇಲೆ ಮುಗಿದುಹೋಗುತ್ತದೆ, ಎಷ್ಟೋ ವೇಳೆ ಓದುವ ಮೊದಲೇ ಮುಗಿದಿರುತ್ತದೆ. ಇನ್ನೊಂದು ‘ಇದು ಹೇಗೆ?’ ಎಂದು ಒಳಗೆ ಎಳೆಯುತ್ತದೆ. ತಂತ್ರಜ್ಞಾನದ ಹುಚ್ಚರಲ್ಲಿ, ಗೀಕ್ ಎಂದು ಅವರೇ ಹೆಮ್ಮೆಯಿಂದ ಕರೆದುಕೊಳ್ಳುವವರಲ್ಲಿ, ನಾನು ಮೆಚ್ಚುವ ಗುಣ ಈ ಎರಡನೆಯದು. ಏನು ಸಿಕ್ಕರೂ ಬಿಚ್ಚಿ ನೋಡಬೇಕು ಅವರಿಗೆ.

ಆ ಗುಣ ರಾಜಕೀಯಕ್ಕೆ ಬಂದರೆ ಏನಾಗುತ್ತದೆ ಎಂಬುದನ್ನು, ಪಕ್ಷಗಳಿಗೆ ಹೆಸರು ಹೊರಗೆ ಬಾರದಂತೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡ್ ಯೋಜನೆಯ ಪ್ರಕರಣ ತೋರಿಸಿತು. 2018ರಲ್ಲಿ ಪತ್ರಕರ್ತೆ ಪೂನಂ ಅಗರ್ವಾಲ್ ಸಾವಿರ ರೂಪಾಯಿಯ ಎರಡು ಬಾಂಡ್ ಕೊಂಡು ಪ್ರಯೋಗಾಲಯಕ್ಕೆ ಕೊಟ್ಟರು. ಅತಿನೇರಳೆ ಬೆಳಕಿನಲ್ಲಿ ಮಾತ್ರ ಕಾಣುವ ಗುಪ್ತ ಸಂಖ್ಯೆ ಅವುಗಳಲ್ಲಿತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಯೋಜನೆಯನ್ನು ರದ್ದುಮಾಡಿತು. ಮಾರ್ಚ್ 14ರಂದು ಚುನಾವಣಾ ಆಯೋಗ ತನ್ನ ತಾಣದಲ್ಲಿ ಎರಡು ಪಟ್ಟಿ ಹಾಕಿತು: ಕೊಂಡವರದೊಂದು, ನಗದು ಮಾಡಿಕೊಂಡ ಪಕ್ಷಗಳದೊಂದು. ಎರಡನ್ನೂ ಜೋಡಿಸುವ ಸಂಖ್ಯೆ ಇರಲಿಲ್ಲ. ಕೋರ್ಟ್ ಮತ್ತೆ ಗದರಿದ ಮೇಲೆ 21ರಂದು ಸಂಖ್ಯೆಗಳೂ ಬಂದವು. ಆಮೇಲೆ ಪತ್ರಕರ್ತರೂ ಕಂಪ್ಯೂಟರ್ ಬಲ್ಲವರೂ ಕೂತು ಸಾಲಿಗೆ ಸಾಲು ತಾಳೆ ಹಾಕಿದರು. ಯಾರಿಗೆ ಯಾವ ಪಕ್ಷ ಹಿಡಿಸುತ್ತದೆ ಎಂಬ ಜಗಳ ಬೇರೆ, ಆದರೆ ಆ ವಾರ ಹಂಚಿಕೆಯಾದ ಲಿಂಕುಗಳನ್ನು ತೆರೆದು ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು. ರಾಜಕೀಯವೂ ಗ್ರಾಫಿನ ಹಾಗೆ ಕಾಯಬಲ್ಲದು. ಅದನ್ನು ಮಕ್ಕಳ ಕಳ್ಳರ ಭಯದ ಹಾಗೆ ಹಂಚುವುದು ನಮ್ಮ ಆಯ್ಕೆ.

ಹೀಗೆ ಹಲವು ವಿಷಯಗಳ ಬೆರಕೆ ಬುಟ್ಟಿಯನ್ನು ಒಬ್ಬರೇ ಆರಿಸಿ ಕೊಡುವ ಪದ್ಧತಿ ಕನ್ನಡಕ್ಕೆ ಹೊಸದೇನಲ್ಲ. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ ‘ಕಸ್ತೂರಿ’ ಮಾಸಿಕದಲ್ಲಿ ಅದರ ಸಂಪಾದಕ ಪಾ. ವೆಂ. ಆಚಾರ್ಯರು ತಿಂಗಳುತಿಂಗಳು ಮಾಡಿದ್ದು ಅದನ್ನೇ. ವಿಜ್ಞಾನ, ರಾಜಕೀಯ, ವಿನೋದ, ಕೊನೆಗೊಂದು ಪುಸ್ತಕದ ಸಂಗ್ರಹ. ಲಾಂಗೂಲಾಚಾರ್ಯ ಎಂಬ ಹೆಸರಿನಲ್ಲಿ ಗೇಲಿ ಮಾಡುತ್ತಿದ್ದವರೇ ವಿಜ್ಞಾನವನ್ನೂ ಆರಿಸುತ್ತಿದ್ದರು. ಆರಿಸಿದವರು ಯಾರು ಎಂದು ಓದುಗರಿಗೆ ಗೊತ್ತಿತ್ತು, ತಪ್ಪಾದರೆ ಪತ್ರ ಬರೆದು ಕೇಳಬಹುದಿತ್ತು. ಇಂದು ನಮ್ಮ ಮೊಬೈಲಿಗೆ ಲೇಖನ ಆರಿಸಿ ಕೊಡುವ ಅಲ್ಗಾರಿದಮ್ಮನ್ನು ‘ಯಾಕೆ ಕಳಿಸಿದೆ ಮಾರಾಯ?’ ಎಂದು ಕೇಳಲಾಗುವುದಿಲ್ಲ. ಗೆಳೆಯರನ್ನು ಕೇಳಬಹುದು. ಮನುಷ್ಯರು ಹಂಚುವ ಲಿಂಕಿಗೆ ಬೆಲೆ ಇರುವುದು ಈ ಕೇಳುವ ಹಕ್ಕಿನಿಂದ, ಮತ್ತು ‘ಬಂದದ್ದನ್ನು ಹಾಕಿದೆ’ ಎನ್ನುವವರು ಕಿತ್ತುಕೊಳ್ಳುವುದೂ ಅದನ್ನೇ. ಅವರು ತಮ್ಮನ್ನು ತಾವೇ ಯಂತ್ರದ ಮಟ್ಟಕ್ಕೆ ಇಳಿಸಿಕೊಂಡಿರುತ್ತಾರೆ.

ಸಮಯವೆಲ್ಲಿದೆ, ಎಲ್ಲವನ್ನೂ ಪೂರ್ತಿ ಓದಿ ಕಳಿಸುವುದಾದರೆ ದಿನಕ್ಕೆ ಒಂದನ್ನೂ ಕಳಿಸಲಾಗದು ಎಂಬ ಆಕ್ಷೇಪ ಬರುತ್ತದೆ. ಸರಿ, ಕಳಿಸದಿದ್ದರೆ ನಷ್ಟವೇನು? ವಾಟ್ಸಾಪ್ ಕಂಪನಿಯೇ ಮುರ್ಕಿ ಘಟನೆಯ ಸುಮಾರು ಒಂದು ವಾರದಲ್ಲಿ, ಭಾರತದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಚಾಟ್‌ಗಳಿಗೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕುವುದಾಗಿ ಘೋಷಿಸಿತು. ಮುಂದೆ ಅದು ಜಗತ್ತಿಗೆಲ್ಲ ಬಂತು. ಅದರಿಂದ ಯಾರ ಸ್ನೇಹವೂ ಕೆಟ್ಟ ಸುದ್ದಿಯಿಲ್ಲ.

ಆದ್ದರಿಂದ ಒಂದು ಕೋರಿಕೆ. ಮುಂದಿನ ಸಲ ಗ್ರೂಪಿಗೆ ಏನಾದರೂ ಹಾಕುವಾಗ ಸ್ಕ್ರೀನ್‌ಶಾಟ್ ಬೇಡ, ಮೂಲದ ಲಿಂಕೇ ಇರಲಿ. ಮೇಲೆ ನಿಮ್ಮದೊಂದು ಸಾಲು ಇರಲಿ: ಯಾವ ಪ್ಯಾರಾ ನಿಮ್ಮನ್ನು ಹಿಡಿದು ನಿಲ್ಲಿಸಿತು, ಎಲ್ಲಿ ಅನುಮಾನ ಬಂತು. ಪೂರ್ತಿ ಓದಿಲ್ಲವೆಂದರೆ ‘ಇನ್ನೂ ಓದಿಲ್ಲ’ ಎಂದೇ ಬರೆದು ಹಾಕಿ. ಅಷ್ಟಕ್ಕೆ ಯಾರೂ ನಿಮ್ಮನ್ನು ಗ್ರೂಪಿನಿಂದ ತೆಗೆಯುವುದಿಲ್ಲ.