ಕಾಲಿನ ಸಾಕ್ಷಿ, ಕಡಲಿನ ಪರೀಕ್ಷೆ

ನಮ್ಮ ನಲ್ಲೂರಿಗೂ ಸಮುದ್ರಕ್ಕೂ ನಂಟಿಲ್ಲ. ನೀರು ಅಂದರೆ ನಮಗೆ ಸೂಳೆಕೆರೆ, ಭದ್ರಾ ನಾಲೆ. ದೋಣಿ ಅಂದರೆ ಹೊನ್ನಾಳಿ ಕಡೆ ತುಂಗಭದ್ರೆಯ ಹರಿಗೋಲು. ಮಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗನಿಗೆ ಸಮುದ್ರದ ಕಯಾಕ್ ಕೊಳ್ಳುವ ಹುಚ್ಚು ಹಿಡಿದು, "ಮಾವ, ನೀವೂ ಬರ್ರಿ" ಅಂತ ನನ್ನನ್ನು ಮೂಲ್ಕಿಗೆ ಕರೆದೊಯ್ದ. ಸಂಸ್ಕೃತ ಪಾಠ ಹೇಳಿಕೊಂಡೇ ಕೂದಲು ಬೆಳ್ಳಗಾದವನು ನಾನು. ಅಲ್ಲಿನ ಶಾಂಭವಿ ಹೊಳೆಯ ದಡದಲ್ಲೂ ನನಗೆ ಕಂಡದ್ದು ಶಾಸ್ತ್ರದ ಒಂದು ಹಳೇ ಜಗಳವೇ. ತಿಳಿದದ್ದು ಸರಿಯೆಂದು ತಿಳಿಯುವುದು ಹೇಗೆ?

ಮೀಮಾಂಸಕರು ಹೇಳುವುದು: ಸುಳ್ಳೆಂದು ತೋರಿಸುವ ಬಾಧಕ ಕಾಣುವವರೆಗೂ ಜ್ಞಾನ ತಾನಾಗಿಯೇ ಪ್ರಮಾಣ. ಪರೀಕ್ಷಿಸುತ್ತೇನೆ ಅಂದರೆ ಆ ಪರೀಕ್ಷೆಗೂ ಒಂದು ಪರೀಕ್ಷೆ ಬೇಕು, ಅದಕ್ಕೆ ಕೊನೆಯೇ ಇಲ್ಲ. ನ್ಯಾಯಶಾಸ್ತ್ರದ ನೈಯಾಯಿಕರು ಒಪ್ಪುವುದಿಲ್ಲ. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬುದು ಹೋಗಿ ಕುಡಿದು ದಾಹ ತೀರಿದ ಮೇಲೇ ನಿಶ್ಚಯ. ಹಾಗಾದರೆ ನಂಬದೆ ಹೊರಡುವುದು ಹೇಗೆ? ಒಂಬತ್ತನೇ ಶತಮಾನದ ಕಾಶ್ಮೀರದ ಜಯಂತಭಟ್ಟ (ಸೆರೆಯಲ್ಲಿ ಕೂತೇ 'ನ್ಯಾಯಮಂಜರಿ' ಬರೆದ ಗಟ್ಟಿಗ) ಇದಕ್ಕೆ ಲೋಕಾನುಭವದ ಉತ್ತರ ಕೊಟ್ಟ. ಕಣ್ಣಿಗೆ ಕಾಣುವ ಫಲದ ವಿಷಯದಲ್ಲಿ ಸಂಶಯ ಇಟ್ಟುಕೊಂಡೇ ಹೊರಡಬಹುದು. ಫಲ ಕಾಣದ, ಖರ್ಚು ಹೆಚ್ಚಿನ ಯಜ್ಞಯಾಗಗಳಲ್ಲಿ ಮಾತ್ರ ಮೊದಲೇ ನಿಶ್ಚಯ ಬೇಕು.

ದೋಣಿ ಕಾಣುವ ಫಲದ್ದು. ಲೈಫ್ ಜಾಕೆಟ್ ತೊಟ್ಟು, ದಡದ ಹತ್ತಿರವೇ, ಸಂಶಯದ ಜೊತೆಗೇ ಹತ್ತಿ ಕೂರಬಹುದು. ಹುಡುಗ ಎರಡು ಕಯಾಕ್‌ಗಳಲ್ಲಿ ಹಾಗೇ ಮಾಡಿದ. ಮೊದಲನೆಯದು ಅಗಲ ತಳದ್ದು, ಕೂತರೆ ಜಗಲಿಯ ಮೇಲೆ ಕೂತಂತೆ, ಅಲ್ಲಾಡುವುದೇ ಇಲ್ಲ. ಎರಡನೆಯದು ಹದಿನಾರು ಅಡಿಗೂ ಉದ್ದ, ಸಪೂರ. ಕೂತ ಕೂಡಲೇ ನಡುಗಿತು. ಪಾದ ಒತ್ತುವ ಪೆಡಲು ಸರಿಮಾಡಿಕೊಂಡು, ತೊಡೆ ಮೇಲಿನ ಅಂಚಿಗೆ ತಾಗುವಂತೆ, ಸೊಂಟದ ಪಟ್ಟಿ ಬೆನ್ನಿಗೆ ಒದಗುವಂತೆ ಕೂತ ಮೇಲೂ ಅವನ ಮುಖ ಬಿಗಿದೇ ಇತ್ತು. "ಮೊದಲನೇದೇ ಆರಾಮ ಮಾವ" ಅಂದ.

ಆರಾಮ ನಿಜ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಇದನ್ನೇ ಸಾಕ್ಷಿಯ, ಅಂದರೆ ಒಳಗಿನ ಅರಿವಿನ, ವಿಷಯ ಅಂದರು: ಸುಖದುಃಖಗಳನ್ನು ಸಾಕ್ಷಿ ನೇರವಾಗಿ ಅರಿಯುತ್ತದೆ, ಅಲ್ಲಿ ಸಂಶಯಕ್ಕೆ ಎಡೆಯಿಲ್ಲ. ಕಾಲು ಜೋಮು ಹಿಡಿದಿದೆಯೋ ಇಲ್ಲವೋ ಎಂದು ಪಕ್ಕದವರನ್ನು ಯಾರೂ ಕೇಳುವುದಿಲ್ಲ. ಆದರೆ ಸಾಕ್ಷಿ ಹೇಳಿದ್ದು 'ಈಗ ಸುಖವಾಗಿದೆ' ಎಂದಷ್ಟೇ. ದೋಣಿ ಅಲೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಅದು ಹೇಳಲಿಲ್ಲ. ಅಗಲ ತಳ ನೀರಿನ ಮೈಗೆ ಅಂಟಿಕೊಳ್ಳುತ್ತದೆ. ನೀರು ಓರೆಯಾದರೆ ದೋಣಿಯೂ ಓರೆ. ಸಪೂರದ್ದು ಮೊದಲು ಅಲ್ಲಾಡಿದರೂ ಒಂದಿಷ್ಟು ವಾಲಿದ ಮೇಲೆ ಬಲ ಹಿಡಿದು ನಿಲ್ಲುತ್ತದೆ, ಕೂತವನು ಸೊಂಟದಿಂದಲೇ ಅದನ್ನು ತೂಗಿಸಬಹುದು. ಪಕ್ಕದಿಂದ ಗಾಳಿ ಬಂದಾಗ ಮೂತಿ ಗಾಳಿಯತ್ತ ತಿರುಗುವ ಚಾಳಿ ಇದೆಯೇ, ತಳದ ಸ್ಕೆಗ್ (ಚಿಕ್ಕ ರೆಕ್ಕೆ) ಇಳಿಸಿದರೆ ನೆಟ್ಟಗಾಗುತ್ತದೆಯೇ? ಇದು ಗಾಳಿಯಲ್ಲಿ ಹುಟ್ಟು ಹಾಕಿದವನಿಗೇ ಗೊತ್ತು. ಇಲ್ಲಿ ನಾನು ನೈಯಾಯಿಕರ ಪಕ್ಷ.

ಮಠ, ಗುರು, ಧ್ಯಾನದ ಶಿಬಿರ ಹುಡುಕಿ ಹೊರಟವರೂ ನನ್ನ ಹತ್ತಿರ ಇದೇ ಮಾತು ಹೇಳುತ್ತಾರೆ: "ಅಲ್ಲಿ ನೆಮ್ಮದಿ ಸಿಕ್ತು ಮೇಷ್ಟ್ರೆ, ಅದಕ್ಕೇ ಅದು ಸತ್ಯ." ನೆಮ್ಮದಿ ಸಿಕ್ಕಿತು ಎಂಬುದನ್ನು ನಾನು ಪ್ರಶ್ನಿಸುವುದಿಲ್ಲ, ಅದು ಅವರ ಸಾಕ್ಷಿಗೆ ಬಿಟ್ಟದ್ದು. 'ಅದಕ್ಕೇ' ಅನ್ನುವುದಕ್ಕೆ ಮಾತ್ರ ನನ್ನ ತಕರಾರು. ಹಾಗಂತ ಆರಾಮವನ್ನು ತಳ್ಳಿಹಾಕುವ ವೈರಾಗ್ಯವೂ ಬೇಡ. ಜೋಮು ಹಿಡಿದ ಕಾಲಿನವನಿಗೆ ಒಳ್ಳೆಯ ದೋಣಿಯೂ ಉಪಯೋಗವಿಲ್ಲ.

ಹುಡುಗನಿಗೆ ಎರಡನ್ನೂ ಅಳಿವೆ ಬಾಗಿಲ ಕಡೆ, ಮಧ್ಯಾಹ್ನದ ಗಾಳಿಯಲ್ಲಿ, ಜೊತೆಗೊಬ್ಬ ಬಲ್ಲವನನ್ನು ಕರೆದುಕೊಂಡು ಹೋಗಿ ನೋಡು ಅಂದೆ. ನೋಡಿ ಬಂದ. ಕೊಂಡದ್ದು ಸಪೂರದ್ದನ್ನು.